ಡಂಕನ್ ಎಂಬ ಹೆಸರಿನವರು

“ಗುರುಗಳೇ, ನಮ್ಮ ಮನೆತನದ ಹೆಸರು ಹೊತ್ತವರಲ್ಲಿ ಪಂಡಿತರಿದ್ದಾರೆ, ವೈದ್ಯರಿದ್ದಾರೆ, ದಿವಾನರೂ ಆಗಿ ಹೋಗಿದ್ದಾರೆ. ಅವರ ಹಿರಿಮೆಯಲ್ಲಿ ನನಗೂ ಪಾಲಿಲ್ಲವೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳತೊಡಗಿದರು.

ಸ್ಕಾಟ್ಲೆಂಡಿನಿಂದ ಬಂದ ಡಂಕನ್ ಎಂಬ ಪಾದ್ರಿಯೊಬ್ಬರು ಒಂದೂರಿನಲ್ಲಿ ಅನಾಥಾಲಯ ನಡೆಸುತ್ತಿದ್ದರು. ಹೆತ್ತವರು ಯಾರೆಂದು ತಿಳಿಯದ ಮಕ್ಕಳಿಗೆಲ್ಲ ತಮ್ಮ ಹೆಸರನ್ನೇ ಕೊಟ್ಟರು. ಅವರು ತೀರಿಕೊಂಡ ಮೇಲೆ ಮಕ್ಕಳು ದಿಕ್ಕಿಗೊಬ್ಬರಾದರು. ಒಬ್ಬ ಡಂಕನ್ ನ್ಯಾಯಾಧೀಶನಾದ. ಒಬ್ಬ ಹೆಸರುವಾಸಿ ಡಾಕ್ಟರಾದ. ಒಬ್ಬ ಹಾಕಿ ಆಡಿ ಪತ್ರಿಕೆಯಲ್ಲಿ ಕಾಣಿಸಿಕೊಂಡ. ರೂತ್ ಎಂಬವಳು ಸೂಲಗಿತ್ತಿಯಾದಳು. ತಿಮೋತಿ ಎಂಬವನು ಕುಡಿದ ಅಮಲಿನಲ್ಲಿ ಒಬ್ಬನನ್ನು ಇರಿದು ಕೊಂದ.

ತಿಮೋತಿಯನ್ನು ಗಲ್ಲಿಗೇರಿಸುವುದೆಂದು ತೀರ್ಮಾನವಾಯಿತು. ಸೆರೆಮನೆಯಿಂದ ರೂತ್‌ಗೆ ಕಾಗದ ಬಂತು. ಹೆಣ ಒಯ್ಯಲು ಸಂಬಂಧಿಕರು ಬರಬೇಕು, ಕೈದಿ ನಿಮ್ಮ ಹೆಸರು ಹೇಳಿದ್ದಾನೆ ಎಂದಿತ್ತು.

ಜೊತೆಗೊಬ್ಬರು ಬರಲಿ ಎಂದು ಅವಳು ನ್ಯಾಯಾಧೀಶನ ಮನೆಗೆ ಹೋದಳು.

“ಅದು ಪಾದ್ರಿಗಳು ಕೊಟ್ಟ ಹೆಸರು ಕಣಮ್ಮ, ರಕ್ತಸಂಬಂಧವಲ್ಲ” ಎಂದ ಅವನು.

ಡಾಕ್ಟರಾಗಿದ್ದವನು ಪುರುಸೊತ್ತಿಲ್ಲವೆಂದು ಹೇಳಿಕಳಿಸಿದ. ಆಟಗಾರನಿಗೆ ತಿಮೋತಿಯ ನೆನಪೇ ಇರಲಿಲ್ಲ, ಹಾಗೆಂದು ಹೇಳಿದ.

ರೂತ್ ಒಬ್ಬಳೇ ಹೊರಟಳು. ಚಿಕ್ಕಂದಿನಲ್ಲಿ ಅವಳಿಗೆ ಸಿಡುಬು ಎದ್ದಾಗ ಎಲ್ಲರೂ ದೂರ ಸರಿದಿದ್ದರು. ತಿಮೋತಿ ಮಾತ್ರ ಬೇವಿನ ಸೊಪ್ಪು ಹಿಡಿದು ಹನ್ನೊಂದು ದಿನ ಮಗ್ಗುಲಲ್ಲಿ ಕೂತಿದ್ದ. ಅಕ್ಕಾ ಎಂದು ಕರೆಯುತ್ತಿದ್ದ. ದಾರಿಯುದ್ದಕ್ಕೂ ಅದೇ ನೆನಪಾಯಿತು. ಅದರ ಹಿಂದೆಯೇ ಇನ್ನೊಂದು ಯೋಚನೆಯೂ ಬರುತ್ತಿತ್ತು: ಕೊಲೆಗಾರನ ಅಕ್ಕನನ್ನು ಇನ್ನು ಯಾರ ಮನೆಯಲ್ಲಿ ಹೆರಿಗೆಗೆ ಕರೆದಾರು?

ಅವಳು ತಲುಪುವಷ್ಟರಲ್ಲಿ ಗಲ್ಲು ಮುಗಿದಿತ್ತು. ಸೆರೆಮನೆಯ ಬಾಗಿಲಲ್ಲಿ ಜಮಾದಾರ ಕೇಳಿದ: “ತಿಮೋತಿ ನಿಮಗೆ ಏನಾಗಬೇಕಮ್ಮಾ?”

ತಮ್ಮ ಎಂಬ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂತು.

“ಏನೂ ಆಗಬೇಕಿಲ್ಲ. ಹೆಸರೊಂದೇ, ಅಷ್ಟೆ.”

ಹಾಗಾದರೆ ಹೆಣ ಕೊಡಲಾಗದು ಎಂದು ಅವನು ಒಳಗೆ ಹೋದ. ತಿಮೋತಿಯನ್ನು ಸೆರೆಮನೆಯ ಗೋಡೆಯ ಹಿಂದೆ ಹೂತರು. ಶಿಲುಬೆ ನೆಡಲಿಲ್ಲ, ಯಾರೂ ಪ್ರಾರ್ಥನೆ ಹೇಳಲಿಲ್ಲ.

ರೂತ್ ಊರಿಗೆ ಮರಳಿದಳು. ಮುಂದೆ ಮೂವತ್ತು ವರ್ಷ ಹೆರಿಗೆ ಮಾಡಿಸಿದಳು. ಮಗುವಿಗೆ ಏನು ಹೆಸರಿಡೋಣ ಎಂದು ಬಾಣಂತಿ ಕೇಳಿದರೆ ಎದ್ದು ಹೋಗುತ್ತಿದ್ದಳು. ಅವಳು ಸತ್ತಾಗಲೂ ಆ ಹೆಸರಿನವರು ಯಾರೂ ಬರಲಿಲ್ಲ.

“ಎಂಥ ಕಲ್ಲೆದೆಯ ಹೆಂಗಸು!” ಎಂದ ಶಿಷ್ಯ.

ಗುರುಗಳು ಹೇಳಿದರು: “ಆ ಹೆಸರು ಹೊತ್ತ ಅಷ್ಟು ಮಂದಿಯಲ್ಲಿ ಸೆರೆಮನೆಯ ಬಾಗಿಲವರೆಗಾದರೂ ಹೋದವಳು ಅವಳೊಬ್ಬಳೇ.”