ಕಣಿವೆ ತೋರಿಸದ ಅಕ್ಕ

"ಗುರುಗಳೇ, ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕೆಂದಿದ್ದೇನೆ. ಎರಡನ್ನು ನೋಡಿಟ್ಟಿದ್ದೇನೆ. ಒಂದು ಇವತ್ತೇ ಪೂರ್ತಿ ಶಕ್ತಿಯದು. ಆದರೆ ಚಿತ್ರ ಮೂಡಿಸುವ ಅದರ ಗ್ರಾಫಿಕ್ಸ್ ಚಿಪ್ಪನ್ನು ಬೋರ್ಡಿಗೇ ಬೆಸೆದುಬಿಟ್ಟಿದ್ದಾರೆ, ಮುಂದೆ ಬದಲಿಸಲಾಗದು. ಇನ್ನೊಂದರ ಶಕ್ತಿ ಇವತ್ತಿಗೆ ಸ್ವಲ್ಪ ಕಡಿಮೆ. ಆದರೆ ಬಿಚ್ಚಿ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ ಬೆಳೆಸಿಕೊಳ್ಳಬಹುದು. ಯಾವುದನ್ನು ಆರಿಸಲಿ?"

ಕೇಳಿದವನು ನಿಂಗರಾಜ. ಕಂಪ್ಯೂಟರ್ ಆಟಗಳಿಗೆ ಬೇಕಾದ ಊರು, ಕಾಡು, ಬೆಟ್ಟಗಳನ್ನು ರಚಿಸುವ ವಿದ್ಯೆಯನ್ನು ಗುರುಗಳ ಬಳಿ ಕಲಿತು, ಈಗ ಸ್ವಂತ ಕೆಲಸ ಹಿಡಿದಿದ್ದ.

ಗುರುಗಳು ಹೇಳಿದರು: "ಆ ಎರಡನ್ನೂ ಕೊಂಡ ಒಬ್ಬಳ ಕತೆ ಇದೆ. ಕೇಳು."

ಹುಬ್ಬಳ್ಳಿಯಲ್ಲಿ ಒಬ್ಬ ಚಿತ್ರಗಾರ್ತಿ ಇದ್ದಳು. ಹೆಸರು ದಾನೇಶ್ವರಿ. ಅವಳದೂ ನಿನ್ನ ಕೆಲಸವೇ. ಅವಳಿಗೆ ಶಿವಯೋಗಿ ಎಂಬ ತಮ್ಮನಿದ್ದ. ಗದಗಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದ. ತಂದೆ ತಾಯಿ ಹೋಗಿಬಿಟ್ಟಿದ್ದರು. ಅಕ್ಕನಿಗೆ ತಮ್ಮ, ತಮ್ಮನಿಗೆ ಅಕ್ಕ. ಅವಳು ವಾರವೆಲ್ಲ ಹುಬ್ಬಳ್ಳಿಯಲ್ಲಿ ದುಡಿದು, ಭಾನುವಾರ ರೈಲು ಹತ್ತಿ ಗದಗಿಗೆ ಬರುತ್ತಿದ್ದಳು.

ಇಬ್ಬರೂ ಒಂದೇ ಕಂಪ್ಯೂಟರಿನ ಮುಂದೆ ಬೆಳೆದವರು. ಅವಳು ಚಿತ್ರ ಬಿಡಿಸುವಳು, ಅವನು ಆಟ ಆಡುವನು. ಅವಳು ಆಟ ತಯಾರಿಸುವ ದೊಡ್ಡ ಸ್ಟುಡಿಯೋಗೆ ಸೇರಿದ ಮೇಲೂ ಮಾಡಿದ್ದನ್ನೆಲ್ಲ ಮೊದಲು ಅವನಿಗೇ ತೋರಿಸುತ್ತಿದ್ದಳು. ಅವನು ಹೊಗಳುತ್ತಿರಲಿಲ್ಲ. "ಈ ಗಿಡದ ನೆರಳು ಸೂರ್ಯ ಇದ್ದ ಕಡೀಗೇ ಬಿದ್ದೈತಲ್ಲ" ಎನ್ನುತ್ತಿದ್ದ. ಅವಳು ಮುಖ ಗಂಟಿಕ್ಕಿಕೊಂಡು ಹುಬ್ಬಳ್ಳಿಗೆ ಹೋಗಿ ಸರಿಮಾಡುತ್ತಿದ್ದಳು. ಸ್ಟುಡಿಯೋದಲ್ಲಿ ಯಾರೇ ಮೆಚ್ಚಲಿ, ಶಿವಯೋಗಿ ಬಾಯಿ ಮುಚ್ಚಿಕೊಂಡು ನೋಡಿದರೆ ಮಾತ್ರ ಅದು ಚೆನ್ನಾಗಿದೆ ಎಂದು ಅವಳು ನಂಬುತ್ತಿದ್ದಳು.

ಒಂದು ವರ್ಷ ಅವನು ಸಂಜೆ ಹೊತ್ತು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದ. ಪಕ್ಕದಲ್ಲಿಟ್ಟ ಚಹಾದ ಕಪ್ಪು ಕೈಗೆ ಸಿಗದೆ ಉರುಳುತ್ತಿತ್ತು. ಡಾಕ್ಟರ್ ಕಣ್ಣು ನೋಡಿ ಹೇಳಿದರು: ನೋಟ ಸುತ್ತಲಿನಿಂದ ಒಳಕ್ಕೆ ಮುಚ್ಚಿಕೊಳ್ಳುತ್ತ ಬರುತ್ತದೆ. ಔಷಧವಿಲ್ಲ. ಕೆಲವರಿಗೆ ಬಹಳ ಕಾಲ ಉಳಿಯುತ್ತದೆ, ಕೆಲವರಿಗೆ ಬೇಗ ಹೋಗುತ್ತದೆ. ಯಾವಾಗ ಎಂದು ಹೇಳಲಾಗದು.

ಆಗ ದಾನೇಶ್ವರಿ ತನ್ನ ಜೀವಮಾನದ ಕೆಲಸದಲ್ಲಿ ಮುಳುಗಿದ್ದಳು. ಒಂದು ದೊಡ್ಡ ಗೇಮಿಗಾಗಿ ಇಡೀ ಒಂದು ಕಣಿವೆಯನ್ನು ಕಟ್ಟುತ್ತಿದ್ದಳು. ನಡುವೆ ಕೆರೆ, ಕೆರೆಯಾಚೆ ಕೋಟೆ, ಕೋಟೆಯ ಮೇಲೆ ಸಾಲು ದೀಪ. ಸಂಜೆಯಾದರೆ ಆ ದೀಪಗಳೆಲ್ಲ ನೀರಿನಲ್ಲಿ ಇಳಿದು ಅಲುಗಬೇಕು. ಆ ನೀರಿಗಾಗಿಯೇ ಅವಳು ತಿಂಗಳುಗಟ್ಟಲೆ ಕೂತಳು. ಈ ಗೇಮಿನ ಕೆಲಸವನ್ನು ಮಾತ್ರ ಬಿಡುಗಡೆಗೆ ಮೊದಲು ಸ್ಟುಡಿಯೋದಿಂದ ಹೊರಗೆ ಒಯ್ಯಲು ಬಿಡುತ್ತಿರಲಿಲ್ಲ, ಹಾಗಾಗಿ ತಮ್ಮ ಅದನ್ನು ನೋಡಿರಲಿಲ್ಲ. ಗೇಮ್ ಹೊರಬಂದ ದಿನ ಅವನು ಫೋನಿನಲ್ಲಿ ಕೇಳಿದ್ದು ಒಂದೇ: "ಯಾವಾಗ ತೋರಸ್ತಿ?"

ಅವನ ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿನಲ್ಲಿ ಆ ಗೇಮ್ ತೆರೆಯುತ್ತಲೂ ಇರಲಿಲ್ಲ. ಅವಳಿಗೆ ಎರಡೂ ಊರಿಗೆ ಹೊತ್ತೊಯ್ಯಬಹುದಾದ, ಮೇಜಿನ ಮೇಲಿನ ದೊಡ್ಡ ಕಂಪ್ಯೂಟರಿನಷ್ಟೇ ಬಲವಾದ ಲ್ಯಾಪ್‌ಟಾಪ್ ಬೇಕಾಗಿತ್ತು. ಅಂಗಡಿಯಲ್ಲಿ ನೀನು ಕಂಡಂಥವೇ ಎರಡನ್ನು ಅವಳೂ ಕಂಡಳು. ಬೆಸೆದ ಚಿಪ್ಪಿನದರಲ್ಲಿ ಅವಳ ಕಣಿವೆ ಪೂರ್ತಿಯಾಗಿ ಕಾಣುತ್ತಿತ್ತು. ಬಿಚ್ಚಿ ಬದಲಿಸುವುದರಲ್ಲಿ ಮುಕ್ಕಾಲು ಕಾಣುತ್ತಿತ್ತು. ಮುಂದಿನ ಕಾರ್ಡ್ ಬಂದರೆ ಇದು ಬೆಸೆದದ್ದನ್ನು ಹಿಂದೆ ಹಾಕುತ್ತದೆ ಎಂದು ಕಂಪನಿ ಹೇಳಿತ್ತು. ದಾನೇಶ್ವರಿ ಮುಂದಾಲೋಚನೆಯ ಹೆಂಗಸು. ಬದಲಿಸಬಹುದಾದುದನ್ನೇ ಕೊಂಡಳು.

ಆ ಭಾನುವಾರ ಅದನ್ನು ಬೆನ್ನಿಗೆ ಹಾಕಿಕೊಂಡು ರೈಲು ಹತ್ತಿದಳು. ಚಾರ್ಜರೇ ಒಂದು ಇಟ್ಟಿಗೆಯಷ್ಟಿತ್ತು. ಗದಗಿನಲ್ಲಿ ಇಳಿಯುವಾಗ ಹೆಗಲ ಮೇಲೆ ಪಟ್ಟಿಯ ಗುರುತು ಮೂಡಿತ್ತು. ಮನೆಗೆ ಬಂದು ಮೇಜಿನ ಮೇಲಿಟ್ಟು ಗೇಮ್ ತೆರೆದಳು. ತಮ್ಮ ಒಳಗೆ ಚಹಾ ಮಾಡುತ್ತಿದ್ದ.

ಕಣಿವೆ ಕಂಡಿತು. ಆದರೆ ನೀರು ಬೂದಿ ಬಳಿದಂತಿತ್ತು, ಅದರಲ್ಲಿ ದೀಪಗಳಿರಲಿಲ್ಲ. ದೂರದ ಮರಗಳು ಏನೂ ಇಲ್ಲದ ಕಡೆ ತಟ್ಟನೆ ಎದ್ದು ನಿಲ್ಲುತ್ತಿದ್ದವು. ಅವಳು ಚಿತ್ರದ ಗುಣಮಟ್ಟವನ್ನು ಏರಿಸಿದಳು. ದೀಪಗಳು ನೀರಿಗಿಳಿದವು. ಸ್ವಲ್ಪ ಹೊತ್ತಿಗೆ ಯಂತ್ರ ಬಿಸಿಯಾಯಿತು, ಫ್ಯಾನುಗಳು ಬೊಬ್ಬೆಯಿಟ್ಟವು, ಕಾವು ತಾಳಲಾರದೆ ಯಂತ್ರ ತಾನೇ ವೇಗ ಇಳಿಸಿಕೊಂಡಿತು. ಕಣಿವೆ ತಡವರಿಸಿ ತಡವರಿಸಿ ಚಲಿಸತೊಡಗಿತು.

ಶಿವಯೋಗಿ ಒಂದು ಕೈಯಲ್ಲಿ ಗೋಡೆ ಸವರುತ್ತ, ಇನ್ನೊಂದರಲ್ಲಿ ಚಹಾ ಹಿಡಿದು ಬಂದ. ಅವಳು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು.

"ಯಾಕ?" ಎಂದ.

"ಇನ್ನೂ ಆಗಿಲ್ಲ. ಹೊಸ ಕಾರ್ಡ್ ಬರತೈತಿ. ಅದನ್ನ ಹಾಕಿದ ಮ್ಯಾಲ ನೋಡುವಿಯಂತ."

"ಇದ್ದಂಗ ತೋರಸು. ನನಗೇನ ಆಗೂದಿಲ್ಲ."

"ನನಗ ಆಗತೈತಿ" ಎಂದಳು ದಾನೇಶ್ವರಿ. "ನೋಡಿದರ ಚಲೋದನ್ನ ನೋಡು."

ಅವನು ಮತ್ತೆ ಕೇಳಲಿಲ್ಲ. ಇಬ್ಬರೂ ಚಹಾ ಕುಡಿದರು.

ಆಮೇಲೆ ಅವಳು ಆ ಯಂತ್ರವನ್ನು ಬೆಳೆಸಲು ಹೊರಟಳು. ಮೆಮೊರಿ ಹೆಚ್ಚಿಸಿದಳು. ಗೇಮ್ ಬೇಗ ತೆರೆಯಿತು, ನೀರು ಹಾಗೆಯೇ ಉಳಿಯಿತು. ದೊಡ್ಡ ಡಿಸ್ಕ್ ಹಾಕಿಸಿದಳು. ಅದಕ್ಕೂ ನೀರಿಗೂ ಸಂಬಂಧವಿರಲಿಲ್ಲ. ಯಂತ್ರದ ಕೆಳಗೆ ಗಾಳಿ ಬೀಸಿ ತಂಪಾಗಿಸುವ ಪೀಠ ಇಟ್ಟಳು. ತಡವರಿಕೆ ಸ್ವಲ್ಪ ತಡವಾಗಿ ಶುರುವಾಯಿತು. ಬದಲಿಸಲು ಆಗುವುದನ್ನೆಲ್ಲ ಬದಲಿಸಿದಳು. ನಿಜವಾಗಿ ಬೇಕಾದದ್ದು ಕಾರ್ಡ್ ಒಂದೇ. ಅದು ಬಂದಿರಲಿಲ್ಲ. ಮುಂದಿನ ಹಬ್ಬಕ್ಕೆ ಎಂದರು ಕಂಪನಿಯವರು. ಹಬ್ಬ ಹೋದ ಮೇಲೆ ಹೊಸ ವರ್ಷಕ್ಕೆ ಎಂದರು.

ಗದಗಿನಲ್ಲಿ ಶಿವಯೋಗಿ ಸೈಕಲ್ ಬಿಟ್ಟ. ಶಾಲೆಗೆ ನಡೆದು ಹೋಗತೊಡಗಿದ. ಬೋರ್ಡಿನ ಮೇಲೆ ಅಕ್ಷರ ದಪ್ಪಗೆ ಬರೆಯತೊಡಗಿದ. ಇವನ್ನೆಲ್ಲ ಅವನು ಅಕ್ಕನಿಗೆ ಹೇಳಲಿಲ್ಲ. ಮನೆಯಲ್ಲಿ ಯಾವುದು ಎಲ್ಲಿದೆ ಎಂಬುದು ಅವನ ಕೈಗೆ ಗೊತ್ತಿತ್ತು. ಭಾನುವಾರ ಅವಳು ಬರುವ ಹೊತ್ತಿಗೆ ಗೋಡೆ ಸವರದೆ ನಡೆಯುತ್ತಿದ್ದ, ಚೆಲ್ಲದೆ ಚಹಾ ಬಗ್ಗಿಸುತ್ತಿದ್ದ, ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿ ನಗುತ್ತಿದ್ದ. ವಾರಕ್ಕೊಮ್ಮೆ ನೋಡುವವಳಿಗೆ ತಮ್ಮ ಸುಧಾರಿಸಿದಂತೆಯೇ ಕಂಡ. "ಹೆಂಗೈತಿ ಕಣ್ಣು?" ಎಂದರೆ "ಹಂಗ ಐತಿ" ಎನ್ನುತ್ತಿದ್ದ. ಅವಳು ಅವಸರಪಡುವುದು ಅವನಿಗೆ ಬೇಕಾಗಿರಲಿಲ್ಲ. ಅಕ್ಕ ಒಂದು ಕೆಲಸವನ್ನು ಅರ್ಧಕ್ಕೆ ತೋರಿಸುವವಳಲ್ಲ ಎಂದು ಅವನಿಗೆ ತಿಳಿದಿತ್ತು.

ಕೊನೆಗೆ ಹೊಸ ಕಾರ್ಡ್ ಬಂತು. ಅದು ಹಳೆಯದಕ್ಕಿಂತ ದೊಡ್ಡದಿತ್ತು, ಹೆಚ್ಚು ವಿದ್ಯುತ್ತು ಬೇಡುತ್ತಿತ್ತು, ಹೆಚ್ಚು ಬಿಸಿಯಾಗುತ್ತಿತ್ತು. ದಾನೇಶ್ವರಿಯ ಯಂತ್ರದಲ್ಲಿ ಅದು ಕೂರುವ ಜಾಗವಿರಲಿಲ್ಲ. ನಿಮ್ಮ ಮಾದರಿಗೆ ಇನ್ನು ಮುಂದೆ ಕಾರ್ಡ್ ಮಾಡುವುದಿಲ್ಲ ಎಂದು ಕಂಪನಿ ತಿಳಿಸಿತು. ಬಿಚ್ಚಲು ಬರುತ್ತಿತ್ತು, ಆದರೆ ಹಾಕಲು ಏನೂ ಇರಲಿಲ್ಲ.

ಅವಳಿಗೆ ಸಿಟ್ಟು ಬಂತು. ಆಮೇಲೆ ಆ ಯಂತ್ರವನ್ನು ಮಾರಿ, ಅಂದು ಬೇಡವೆಂದು ಬಿಟ್ಟಂಥದನ್ನೇ, ಚಿಪ್ಪು ಬೆಸೆದದ್ದನ್ನೇ, ಅದರಲ್ಲೂ ಹೊಸದನ್ನು ಕೊಂಡಳು. ಅದು ಇನ್ನೂ ಭಾರವಿತ್ತು. ಕರೆಂಟಿಗೆ ಸಿಕ್ಕಿಸದಿದ್ದರೆ ಅರ್ಧ ಶಕ್ತಿಯೂ ಬರುತ್ತಿರಲಿಲ್ಲ. ಸಿಕ್ಕಿಸಿದರೆ ಮಾತ್ರ ಅವಳ ಕಣಿವೆಯಲ್ಲಿ ಒಂದು ಎಲೆಯೂ ತಪ್ಪುತ್ತಿರಲಿಲ್ಲ. ಹುಬ್ಬಳ್ಳಿಯ ಕೋಣೆಯಲ್ಲಿ ಒಬ್ಬಳೇ ಕೂತು ನೋಡಿದಳು. ಕೋಟೆಯ ದೀಪಗಳು ನೀರಿನಲ್ಲಿ ಇಳಿದು ಅಲುಗಿದವು. ತಾನು ಕಟ್ಟಿದ್ದು ಇದನ್ನೇ ಎಂದುಕೊಂಡಳು. ಕಣ್ಣೊರೆಸಿಕೊಂಡಳು.

ಗದಗಿಗೆ ಬಂದು ಮೇಜು ಒರೆಸಿ, ಯಂತ್ರವಿಟ್ಟು, ಕರೆಂಟಿಗೆ ಸಿಕ್ಕಿಸಿ, ಎಲ್ಲ ಮಟ್ಟಗಳನ್ನೂ ತುದಿಗೆ ಏರಿಸಿ, ತಮ್ಮನನ್ನು ಕರೆದು ಮುಂದಿನ ಕುರ್ಚಿಯಲ್ಲಿ ಕೂರಿಸಿದಳು. ಕೆರೆಯ ದಂಡೆಯಲ್ಲಿ ಸಂಜೆಯಾಗುತ್ತಿತ್ತು. ಅವಳು ಪರದೆಯನ್ನು ನೋಡಲಿಲ್ಲ, ಅವನ ಮುಖವನ್ನು ನೋಡುತ್ತ ನಿಂತಳು. ತಪ್ಪು ಹುಡುಕಲಿ ಎಂದು ಕಾದಳು.

ಶಿವಯೋಗಿ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತ.

"ಇನ್ನೂ ಗೇಮ್ ಹಚ್ಚಿಲ್ಲೇನಕ್ಕಾ?" ಎಂದ.

ಅವಳ ಮೌನದಿಂದಲೇ ಅವನಿಗೆ ತಿಳಿಯಿತು. ಬೇಗನೆ ಮುಖವನ್ನು ಪರದೆಗೆ ಹತ್ತಿರ ತಂದ. ಕಿವಿಗೊಟ್ಟ.

"ಹಾಂ, ಹಚ್ಚೀದಿ. ಗಾಳಿ ಕೇಳತೈತಿ" ಎಂದ. "ಗಾಳಿ ಭಾಳ ಚಲೋ ಮಾಡೀದಿ. ಕಪ್ಪತಗುಡ್ಡದ ಮ್ಯಾಲ ನಿಂತಂಗ ಆತು."

ಆ ಕಣಿವೆಯಲ್ಲಿ ಗಾಳಿ ಇರಲಿಲ್ಲ. ಕೆರೆಯ ನೀರು ಕದಡದೆ, ಮೆಲ್ಲಗಷ್ಟೇ ಅಲುಗಿ ದೀಪಗಳನ್ನು ಹಿಡಿಯಬೇಕೆಂದು ಅವಳು ಅಲ್ಲಿ ಗಾಳಿಯನ್ನೇ ಇಟ್ಟಿರಲಿಲ್ಲ. ಅವನು ಕೇಳಿದ್ದು ಯಂತ್ರದ ಫ್ಯಾನುಗಳನ್ನು.

ದಾನೇಶ್ವರಿ ಅವನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತಳು. ಮೊದಲು ನೀರಿನಲ್ಲಿದ್ದ ದೀಪಗಳನ್ನು ತೆಗೆದಳು. ಆಮೇಲೆ ನೆರಳುಗಳನ್ನು ತೆಗೆದಳು. ದೂರದ ಮರಗಳನ್ನು, ಹುಲ್ಲಿನ ಎಳೆಗಳನ್ನು, ಕೋಟೆಯ ಕಲ್ಲಿನ ಗೀರುಗಳನ್ನು ತೆಗೆದಳು. ಒಂದೊಂದು ಇಳಿದಂತೆ ಯಂತ್ರದ ಹೊರೆ ಇಳಿಯಿತು. ಯಂತ್ರ ತಣ್ಣಗಾಯಿತು, ಫ್ಯಾನುಗಳ ಸದ್ದು ಕುಗ್ಗಿತು, ನಿಂತಿತು. ಪರದೆಯ ಮೇಲೆ ಬೂದುಬಣ್ಣದ ನೀರು ಉಳಿಯಿತು, ಹಿಂದೊಮ್ಮೆ ಅವಳು ಮುಚ್ಚಳ ಮುಚ್ಚಿ ಮರೆಮಾಡಿದ್ದಕ್ಕಿಂತಲೂ ಬಡವಾಗಿ.

ಆಗ ಕಣಿವೆಯ ಸದ್ದು ಕೇಳಿಸಿತು. ನೀರು ಕಲ್ಲಿಗೆ ಮೆಲ್ಲಗೆ ತಾಗುತ್ತಿತ್ತು. ಎಲ್ಲೋ ಹಕ್ಕಿ ಕೂಗಿತು. ದೂರದಲ್ಲಿ ಯಾರೋ ಕೋಟೆಯ ಬಾಗಿಲು ಹಾಕಿದರು.

"ಗಾಳಿ ನಿಂತೈತಿ" ಎಂದ ಶಿವಯೋಗಿ.

"ಹೌದು" ಎಂದಳು.

"ಈಗ ಏನೈತಿ ಮುಂದ?"

ಅವಳು ಹೇಳತೊಡಗಿದಳು. ಎಡಕ್ಕೆ ಒಂದು ಆಲದ ಮರ, ಅದರ ಕೆಳಗೆ ಮುರಿದ ದೋಣಿ, ಆಚೆ ಕೋಟೆ, ಕೋಟೆಯ ಮೇಲೆ ದೀಪಗಳು. ದೀಪಗಳು ನೀರಿನಲ್ಲಿ ಕಾಣುತ್ತವೆಯೇ ಎಂದು ಅವನು ಕೇಳಿದ. ಕಾಣುತ್ತವೆ ಎಂದಳು. ಅಲುಗುತ್ತವೆಯೇ ಎಂದ. ಅಲುಗುತ್ತವೆ ಎಂದಳು. ಪರದೆಯ ಮೇಲೆ ಅವು ಇರಲಿಲ್ಲ.

ಅವನು ಕೇಳುತ್ತ ಕೂತ. ಸ್ವಲ್ಪ ಹೊತ್ತಿನ ಮೇಲೆ ಹೇಳಿದ: "ಹಕ್ಕಿ ಬಲಗಡೀಂದ ಕೂಗಾಕತ್ತೈತಿ, ಅಕ್ಕಾ. ಗಿಡ ಎಡಕ್ಕಿದ್ದರ ಎಡಗಿವೀಗೆ ಕೇಳಬೇಕಲ್ಲ."

ಅದು ನಿಜವಾಗಿತ್ತು. ಆ ತಪ್ಪನ್ನು ಸ್ಟುಡಿಯೋದಲ್ಲಿ ಯಾರೂ ಹಿಡಿದಿರಲಿಲ್ಲ. "ಸರಿಮಾಡ್ತೀನಿ" ಎಂದಳು ದಾನೇಶ್ವರಿ. ಗೇಮ್ ಆಗಲೇ ಹೊರಗೆ ಬಂದುಬಿಟ್ಟಿತ್ತು, ಅದನ್ನು ಕಟ್ಟಿದವರು ಬೇರೆ ಬೇರೆ ಕೆಲಸಗಳಿಗೆ ಚದುರಿದ್ದರು. ಸರಿಮಾಡುವುದು ಅವಳ ಕೈಯಲ್ಲಿರಲಿಲ್ಲ.

ಅಂದಿನಿಂದ ಅವಳು ಭಾನುವಾರಗಳಲ್ಲಿ ಅಷ್ಟು ಭಾರದ ಯಂತ್ರವನ್ನು ಹೊತ್ತು ತಂದು, ಅದರ ಶಕ್ತಿಯನ್ನೆಲ್ಲ ತೆಗೆದುಹಾಕಿ, ತಮ್ಮನಿಗೆ ಕಣಿವೆ ಕೇಳಿಸುತ್ತಿದ್ದಳು. ಅಷ್ಟಕ್ಕೆ ಮೊದಲ ಯಂತ್ರವೇ ಸಾಕಾಗಿತ್ತು. ಅದಕ್ಕಿಂತ ಸಾಧಾರಣವಾದದ್ದೂ ಸಾಕಾಗುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು.

ನಿಂಗರಾಜ ಹೇಳಿದ: "ತಿಳಿಯಿತು, ಗುರುಗಳೇ. ಮುಂದೆ ಬೆಳೆಯುತ್ತದೆ ಎಂಬ ಮಾತು ನಂಬಬಾರದು. ಬದಲಿಸಲಾಗದಿದ್ದರೂ ಚಿಂತೆಯಿಲ್ಲ, ಇವತ್ತು ಪೂರ್ತಿ ಇರುವುದನ್ನೇ ಕೊಳ್ಳಬೇಕು. ಈಗಿರುವುದರಲ್ಲಿ ನನ್ನ ಕೆಲಸ ಚೆನ್ನಾಗಿ ಕಾಣುವುದಿಲ್ಲ. ಇನ್ನೂ ಸ್ವಲ್ಪ ಕಾದರೆ ಅದರಲ್ಲೇ ಹೊಸ ಮಾದರಿ ಬರುತ್ತದಂತೆ."

"ಯಾವುದನ್ನಾದರೂ ಕೊಂಡುಕೋ, ನಿಂಗರಾಜ. ಅಲ್ಲಿಯವರೆಗೆ ನಿನ್ನ ಕೆಲಸ ತೋರಿಸದೆ ಯಾರನ್ನು ಕಾಯಿಸುತ್ತಿದ್ದೀಯೆ, ಅದನ್ನು ಹೇಳು" ಎಂದರು ಗುರುಗಳು.