ಕ್ಯಾಪ್ಟನ್‌ಗೆ ತಂದ ಶಾಲು

ಕೊರೊನಾ ಕಾಲದ ಟೆಸ್ಟ್ ಸರಣಿ. ವಿದೇಶಿ ಆಟಗಾರರಿದ್ದ ಹೋಟೆಲ್ ಗೇಟಿಗೆ ಜಿಲ್ಲಾ ಕ್ರಿಕೆಟ್ ಸಂಘದ ಅಧ್ಯಕ್ಷ ಚನ್ನಮಲ್ಲಪ್ಪನವರು ಶಾಲು, ಪೇಟ, ಫೋಟೋಗ್ರಾಫರ್ ಸಮೇತ ಬಂದರು.

“ಕ್ಯಾಪ್ಟನ್‌ಗೆ ಸನ್ಮಾನ ಮಾಡ್ಬೇಕು, ಗೇಟ್ ತೆಗಿ. ಇಲ್ಲಾಂದ್ರೆ ನಾಳೆಯಿಂದ ನಿನ್ನ ಕೆಲಸ ಇರಲ್ಲ.”

ಒಳಗೆ ಒಬ್ಬರಿಗೆ ಸೋಂಕು ತಗುಲಿದರೂ ಸರಣಿ ರದ್ದು. ಆದರೂ ವಾಚ್‌ಮನ್ ಗೇಟು ಪೂರ್ತಿ ತೆರೆದು ಕೈಮುಗಿದ.

“ಬನ್ನಿ ಸಾರ್, ರೂಮ್ ರೆಡಿ ಇದೆ. ಒಳಗೆ ಹೋದವರು ಸರಣಿ ಮುಗಿಯೋವರೆಗೆ ಹೊರಗೆ ಬರೋ ಹಾಗಿಲ್ಲ. ಮೂವತ್ತೆಂಟೇ ದಿನ.”

“ಭಾನುವಾರ ಸಂಘದ ಎಲೆಕ್ಷನ್ ಕಣೋ!”

“ಗೊತ್ತು ಸಾರ್. ನೀವು ಒಳಗೆ ಹೋದ ತಕ್ಷಣ ಫೋನ್ ಮಾಡು ಅಂತ ಉಪಾಧ್ಯಕ್ಷರು ಬೆಳಿಗ್ಗೆನೇ ನಂಬರ್ ಕೊಟ್ಟಿದ್ದಾರೆ.”

ಅಧ್ಯಕ್ಷರು ಎತ್ತಿದ ಕಾಲು ಹಿಂದಕ್ಕೆ ಬಂತು. ಆದರೆ ಫೋಟೋಗ್ರಾಫರ್ ಬಂದಾಗಿದೆ, ಶಾಲು ಹಾಗೇ ವಾಪಸ್ ಒಯ್ಯುವುದುಂಟೇ?

ಉಪಾಧ್ಯಕ್ಷರ ಮುಖವನ್ನೇ ನೋಡಿರದ ವಾಚ್‌ಮನ್ ಮರುದಿನ ಪೇಪರಿನಲ್ಲಿ ಶಾಲು ಹೊದ್ದು ನಿಂತಿದ್ದ. ಮೇಲೆ ದಪ್ಪಕ್ಷರ: “ಕೊರೊನಾ ವಾರಿಯರ್‌ಗೆ ಅಧ್ಯಕ್ಷರ ಸನ್ಮಾನ.”