ಅಂಗಿಯ ಮೇಲಿನ ನಡುಕ

ಹರಿಹರದಲ್ಲಿ ಹೊಳೆಯ ದಂಡೆಗೆ ಒಂದು ತಗಡಿನ ಶೆಡ್ಡು. ಅಲ್ಲಿ ದಸ್ತಗೀರ್ ಉಸ್ತಾದರು ಲಾರಿಗಳಿಗೆ ಗೆರೆ ಎಳೆಯುತ್ತಿದ್ದರು.

ಲಾರಿಗೆ ಬಣ್ಣ ಹೊಡೆಯುವವರು ಬೇರೆ, ಹೂವು ನವಿಲು ಬರೆಯುವವರು ಬೇರೆ. ಉಸ್ತಾದರದು ಗೆರೆ ಮಾತ್ರ. ಉದ್ದ ಕೂದಲಿನ ಕುಂಚ ಹಿಡಿದು, ಕ್ಯಾಬಿನ್ನಿನ ಬಾಗಿಲಿನಿಂದ ಹಿಂದಿನ ಹಲಗೆಯವರೆಗೆ ಕೈ ಎತ್ತದೆ ಎಳೆಯುವ ಒಂದೇ ಗೆರೆ.

ಇಂಥವರ ಹೆಸರು ಅಂಗಿಯಾಗಿಬಿಟ್ಟಿತ್ತು.

ಪುಣೆಯ ಬಟ್ಟೆ ಕಂಪನಿಯವರೊಬ್ಬರು ಢಾಬಾ ಮುಂದೆ ನಿಂತಿದ್ದ ಲಾರಿಯ ಮೇಲೆ ಆ ಗೆರೆ ನೋಡಿದರಂತೆ. ಫೋಟೊ ತೆಗೆದುಕೊಂಡು, ವಿಚಾರಿಸಿಕೊಂಡು ಶೆಡ್ಡಿಗೇ ಬಂದರು. ಗೆರೆಯನ್ನೂ ಹೆಸರನ್ನೂ ಕೇಳಿದರು. ಉಸ್ತಾದರು ರುಜು ಹಾಕಿ ಕೊಟ್ಟುಬಿಟ್ಟರು.

ಆಮೇಲೆ ಎದೆಯ ಮೇಲೆ ‘ದಸ್ತಗೀರ್’ ಎಂದು ಬರೆದ, ಹೆಗಲಿನಿಂದ ಸೊಂಟದವರೆಗೆ ಆ ಗೆರೆ ಇಳಿದ ಅಂಗಿಗಳು ಬಂದವು. ಟೋಪಿ ಬಂತು, ಚೀಲ ಬಂತು. ಮದುವೆಗೆ ಹಾಕಿಕೊಳ್ಳುವ ಕೋಟೂ ಬಂತು.

ಉಸ್ತಾದರು ಮಾತ್ರ ಬನಿಯನ್ನಿನಲ್ಲೇ ಇದ್ದರು.

ಚಳ್ಳಕೆರೆಯಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದ ತಿಪ್ಪೇಶ ಅವರ ಹತ್ತಿರ ಬಂದದ್ದು ಆ ಅಂಗಿ ಹಾಕಿಕೊಂಡೇ.

“ನಿಮ್ಮ ಹತ್ರ ಕಲೀಬೇಕು ಉಸ್ತಾದ್ರೇ.”

“ಏನು ಕಲೀತೀಯಪ್ಪ?”

ತಿಪ್ಪೇಶ ತನ್ನ ಎದೆ ತೋರಿಸಿದ. “ಇದು.”

“ಅಂಗಿ ಹೊಲಿಯೋದು ನನಗೆ ಬರಲ್ಲ,” ಎಂದರು ಉಸ್ತಾದರು. ಆದರೂ ಇಟ್ಟುಕೊಂಡರು.

ಅವರು ಹೇಳಿಕೊಟ್ಟದ್ದು ಸ್ವಲ್ಪವೇ. ಕುಂಚದ ತುದಿ ನೋಡಬೇಡ, ಗೆರೆ ಹೋಗಿ ಮುಟ್ಟಬೇಕಾದ ಜಾಗ ನೋಡು. ಕೈ ಎಳೆಯೋದಲ್ಲ, ಕಾಲು ನಡೀಬೇಕು. ತಿಪ್ಪೇಶ ಬೇಗ ಕಲಿತ. ಅವನ ಗೆರೆ ನೆಟ್ಟಗೆ ಹೋಗತೊಡಗಿತು.

ಅವನಿಗೆ ಅಷ್ಟು ಸಾಲಲಿಲ್ಲ.

ಅಂಗಿಯ ಮೇಲಿನ ಗೆರೆಯಲ್ಲಿ, ಅದು ಮುಗಿಯುವ ಕಡೆ, ಸಣ್ಣದೊಂದು ನಡುಕವಿತ್ತು. ಕಂಪನಿಯವರು ತಿದ್ದದೆ ಹಾಗೇ ಅಚ್ಚು ಹಾಕಿದ್ದರು. ಅಂಗಿಗೆ ಕಟ್ಟಿದ ಚೀಟಿಯಲ್ಲಿ, ‘ಈ ನಡುಕದಲ್ಲಿ ಒಬ್ಬ ಕಲಾವಿದನ ಬದುಕಿನ ನೋವಿದೆ’ ಎಂದು ಬರೆದಿತ್ತು.

ತಿಪ್ಪೇಶ ಅದನ್ನು ನಂಬಿದ್ದ. ಉಸ್ತಾದರ ಹೆಂಡತಿ ತೀರಿಕೊಂಡಿದ್ದಾರೆ ಎಂದು ಗೊತ್ತಾದ ಮೇಲೆ ಇನ್ನಷ್ಟು ನಂಬಿದ.

ಒಂದು ದಿನ ಕೇಳಿದ. “ಉಸ್ತಾದ್ರೇ, ಆ ನಡುಕ ಹೇಗೆ ಎಳೆಯೋದು?”

“ನನಗೆ ಬರಲ್ಲ.”

ತಿಪ್ಪೇಶ ನಕ್ಕ. ದೊಡ್ಡವರು ಹೀಗೇ ಮಾತಾಡುವುದು ಎಂದುಕೊಂಡ.

“ನಗಬೇಡ. ಅದೇನಾಯ್ತು ಅಂತ ಹೇಳ್ತೀನಿ, ಕೇಳು.”

“ಬೇಡ ಉಸ್ತಾದ್ರೇ, ಹೇಳಬೇಡಿ. ಇಂಥದ್ದನ್ನ ಹೇಳಿಸಿಕೊಂಡು ಕಲೀಬಾರದು. ನಾನೇ ಕಂಡುಕೋತೀನಿ.”

ಉಸ್ತಾದರು ಅವನ ಮುಖ ನೋಡಿದರು. ಮತ್ತೆ ಕೆಲಸಕ್ಕೆ ತಿರುಗಿದರು.

ಉಸ್ತಾದರು ನಮಾಜಿಗೆ ಹೋದಾಗಲೆಲ್ಲ ತಿಪ್ಪೇಶ ಹಳೇ ತಗಡುಗಳ ಮೇಲೆ ನಡುಕ ಎಳೆದು ನೋಡುತ್ತಿದ್ದ. ಮೊದಮೊದಲು ಅದು ನಾಟಕದಂತೆ ಕಾಣುತ್ತಿತ್ತು. ಸತ್ತ ಅಪ್ಪನನ್ನು ನೆನೆಸಿಕೊಂಡು ಎಳೆದ. ಹೊಟ್ಟೆ ಹಸಿದುಕೊಂಡು ಎಳೆದ. ಮಳೆಗಾಲ ಮುಗಿಯುವಷ್ಟರಲ್ಲಿ ಬಂದೇಬಿಟ್ಟಿತು. ಅಂಗಿಯನ್ನು ತಗಡಿನ ಪಕ್ಕ ಹಿಡಿದರೆ ಯಾವುದು ಯಾವುದೆಂದು ಹೇಳಲಾಗುತ್ತಿರಲಿಲ್ಲ. ಅವನ ಖುಷಿಗೆ ಮಿತಿಯೇ ಇರಲಿಲ್ಲ.

ಆ ದಿನಗಳಲ್ಲೇ ರಾಣೆಬೆನ್ನೂರಿನ ಒಬ್ಬ ಮಾಲೀಕ ಹೊಸ ಲಾರಿ ತಂದ. ಅವನ ತಲೆಯ ಮೇಲೆ ದಸ್ತಗೀರ್ ಟೋಪಿ, ಮೈಮೇಲೆ ದಸ್ತಗೀರ್ ಅಂಗಿ.

“ನನಗ ದಸ್ತಗೀರ್ ಗೆರಿನಾ ಬೇಕು,” ಎಂದ.

ಉಸ್ತಾದರು ಎದ್ದು ಎಳೆದುಕೊಟ್ಟರು. ಕೂದಲೆಳೆಯಷ್ಟೂ ಆಚೀಚೆ ಆಗದ ಗೆರೆ.

ಮಾಲೀಕ ಲಾರಿಯ ಹಿಂಬದಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತ. ಅಂಗಿ ಜಗ್ಗಿ ಜಗ್ಗಿ ಹೋಲಿಸಿ ನೋಡಿದ.

“ಅಲ್ರೀ, ಇದು ದಸ್ತಗೀರ್ ಗೆರಿ ಅಲ್ಲ. ಅದರಾಗ ಕೊನೀಗೆ ನಡುಗಿರ್ತದ.”

ತಿಪ್ಪೇಶನಿಗೆ ಮೈಯೆಲ್ಲ ಉರಿಯಿತು. “ಇವರೇ ದಸ್ತಗೀರ್ ಕಣ್ರೀ!”

ಮಾಲೀಕ ಉಸ್ತಾದರ ಬನಿಯನ್ನು ನೋಡಿದ. “ಇರಬಹುದ್ರಿ. ಆದ್ರ ಗೆರಿ ಅದಲ್ಲ.”

“ಅವರು ಹೇಳೋದು ಸರಿ,” ಎಂದರು ಉಸ್ತಾದರು. ಸೀಮೆಎಣ್ಣೆ ಬಟ್ಟೆ ತೆಗೆದುಕೊಂಡು ತಮ್ಮ ಗೆರೆಯನ್ನು ತಾವೇ ಒರೆಸಿದರು. “ತಿಪ್ಪೇಶ, ನೀನು ಎಳೀತೀಯಲ್ಲ. ಎಳೆದುಕೊಡು.”

ತಾನು ಕದ್ದುಮುಚ್ಚಿ ಮಾಡಿದ್ದೆಲ್ಲ ಅವರಿಗೆ ಗೊತ್ತಿತ್ತೆಂದು ತಿಪ್ಪೇಶನಿಗೆ ಆಗ ತಿಳಿಯಿತು. ತಲೆ ತಗ್ಗಿಸಿಕೊಂಡೇ ಎಳೆದ. ಗೆರೆ ಕೊನೆಯಲ್ಲಿ ನಡುಗಿತು.

“ಹಾಂ! ಇದು ನೋಡ್ರಿ ಅಸಲಿ!” ಮಾಲೀಕ ತಿಪ್ಪೇಶನನ್ನು ತಬ್ಬಿಕೊಂಡ. ಅವನ ಜೊತೆ ಫೋಟೊ ತೆಗೆಸಿಕೊಂಡ. ಉಸ್ತಾದರು ಅಡ್ಡ ಬರುತ್ತಿದ್ದರೆಂದು, “ಅಜ್ಜಾರ, ಒಂಚೂರು ಸರೀರಿ,” ಎಂದ.

ಉಸ್ತಾದರು ಸರಿದು ನಿಂತರು.

ಲಾರಿ ಹೋದ ಮೇಲೆ ತಿಪ್ಪೇಶ ಚಹಾ ತಂದುಕೊಟ್ಟ. ಅವನಿಗೆ ನಾಚಿಕೆಯೂ ಆಗಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

“ಬೇಜಾರಾಯ್ತಾ ಉಸ್ತಾದ್ರೇ?”

“ಯಾಕಪ್ಪ? ಅವರಿಗೆ ಬೇಕಾದ್ದು ಸಿಕ್ತು.”

“ನಿಮ್ಮ ಹೆಸರು ನಿಮಗೇ ಇಲ್ಲದಂಗಾಯ್ತಲ್ಲ.”

“ನೀನು ಉಸ್ತಾದ್ರೇ ಅಂತೀಯ. ಹೋಟೆಲಿನವನು ಸಾಬ್ರೇ ಅಂತಾನೆ. ದಸ್ತಗೀರ್ ಅಂತ ಕರೀತಿದ್ದವಳು ನಮ್ಮಮ್ಮ ಒಬ್ಬಳೇ. ಅವಳು ಹೋಗಿ ಕಾಲ ಆಯ್ತು.” ಉಸ್ತಾದರು ಚಹಾ ಆರಿಸಿಕೊಂಡು ಕುಡಿದರು. “ಆ ಹೆಸರು ಸುಮ್ಮನೆ ಬಿದ್ದಿತ್ತು. ಅವರು ಕೇಳಿದರು, ಕೊಟ್ಟೆ. ಕುಂಚ ಕೇಳಿದ್ದರೆ ಕೊಡ್ತಿರಲಿಲ್ಲ.”

ಮಾಲೀಕನ ಫೋಟೊ ಎಲ್ಲೆಲ್ಲೋ ಸುತ್ತಿ ಪುಣೆಗೂ ಹೋಯಿತು. ಕಂಪನಿಯವರು ತಿಪ್ಪೇಶನಿಗೆ ಫೋನು ಮಾಡಿದರು. ಅವರದೊಂದು ದೊಡ್ಡ ಅಂಗಡಿಯಂತೆ. ಅಲ್ಲಿ ನಡುಮಧ್ಯೆ ಕೂತು, ಬಂದವರ ಕಣ್ಣೆದುರಿಗೆ ಬೈಕುಗಳ ಮೇಲೆ ದಸ್ತಗೀರ್ ಗೆರೆ ಎಳೆಯಬೇಕು. ಇರುವುದಕ್ಕೆ ಮನೆ ಕೊಡುತ್ತಾರೆ. ಟಿವಿಯಲ್ಲಿ ತೋರಿಸುತ್ತಾರೆ. ಸೋಮವಾರ ಕಾರು ಕಳಿಸುತ್ತೇವೆ ಎಂದರು.

ತಿಪ್ಪೇಶನಿಗೆ ಹೋಗುವ ಆಸೆ ಬಹಳ. ಬೋರ್ಡಿನ ಮೇಲೆ ಪರರ ಹೆಸರು ಬರೆದೇ ಅವನ ಅಪ್ಪ ಸತ್ತಿದ್ದ. ತಾನೂ ಹಾಗೆಯೇ ಸಾಯುತ್ತೇನೆಂಬ ಭಯ ಅವನಿಗೆ ಮೊದಲಿನಿಂದ ಇತ್ತು. ಆದರೆ ಉಸ್ತಾದರು ಹೂಂ ಎನ್ನದೆ ಹೊರಡಲು ಮನಸ್ಸಿರಲಿಲ್ಲ.

ಸೋಮವಾರ ಕಾರು ಬಂದು ರಸ್ತೆಯಲ್ಲಿ ನಿಂತಿತು.

“ಹೋಗ್ಲಾ ಉಸ್ತಾದ್ರೇ?”

“ಹೋಗು.”

ಒಪ್ಪಿಗೆ ಅಷ್ಟು ಸುಲಭವಾಗಿ ಸಿಗುತ್ತದೆಂದು ಅವನು ಎಣಿಸಿರಲಿಲ್ಲ. ಕಾಲಿಗೆ ಬೀಳಲು ಬಗ್ಗಿದ. ಉಸ್ತಾದರು ಅವನ ಕೈಗೆ ಕುಂಚ ಕೊಟ್ಟು, ಶೆಡ್ಡಿನಲ್ಲಿ ನಿಂತಿದ್ದ ಲಾರಿ ತೋರಿಸಿದರು.

“ಈ ಲಾರಿಗೊಂದು ಎಳೆದು ಹೋಗಿಬಿಡು. ಇವರು ಬಾಳೆಕಾಯಿ ಸಾಗಿಸೋರು, ಅಂಗಿಗಿಂಗಿ ಗೊತ್ತಿಲ್ಲ. ನಡುಕ ಬೇಡವಂತೆ. ನೆಟ್ಟಗಿರಲಿ.”

“ಅದೆಷ್ಟು ಹೊತ್ತಿನ ಕೆಲಸ?” ಎಂದು ತಿಪ್ಪೇಶ ಕ್ಯಾಬಿನ್ನಿನ ಬಾಗಿಲ ಹತ್ತಿರ ಕುಂಚ ಊರಿದ. ನಡೆದ. ಹಿಂದಿನ ಹಲಗೆ ಹತ್ತಿರ ಬಂದಾಗ ಗೆರೆ ನಡುಗಿತು.

ನಕ್ಕು ಒರೆಸಿದ. ಮತ್ತೆ ಎಳೆದ. ಅದೇ ಜಾಗದಲ್ಲಿ ನಡುಗಿತು.

ಉಸಿರು ಹಿಡಿದು ಎಳೆದ. ಎಡಗೈಯಿಂದ ಮಣಿಕಟ್ಟು ಹಿಡಿದುಕೊಂಡು ಎಳೆದ. ಗೆರೆ ಹೋಗಿ ಮುಟ್ಟುವ ಜಾಗವನ್ನೇ ಕಣ್ಣು ಮಿಟುಕಿಸದೆ ನೋಡುತ್ತ ಎಳೆದ. ಎಷ್ಟು ಸಲ ಎಳೆದರೂ ಕೈ ಅಲ್ಲಿಗೆ ಬಂದ ಕೂಡಲೇ ತಾನಾಗಿ ನಡುಗುತ್ತಿತ್ತು.

ಹೊರಗೆ ಕಾರಿನವನು ಹಾರ್ನ್ ಹೊಡೆದ.

ತಿಪ್ಪೇಶನಿಗೆ ಹೆದರಿಕೆಯಾಯಿತು. “ಉಸ್ತಾದ್ರೇ, ನೆಟ್ಟಗೆ ಬರ್ತಾ ಇಲ್ಲ.”

“ಬರದಿದ್ದರೇನು? ಪುಣೆಯಲ್ಲಿ ನೆಟ್ಟಗಿನ ಗೆರೆ ಯಾರೂ ಕೇಳಲ್ಲ.”

“ನನಗೆ ಬರ್ತಿತ್ತು. ನೀವೇ ಕಲಿಸಿದ್ರಿ. ಅದು ಎಲ್ಲಿ ಹೋಯ್ತು?”

“ಕಾರು ಕಾಯ್ತಾ ಇದೆ ನೋಡು.”

ತಿಪ್ಪೇಶ ತನ್ನ ಕೈಯನ್ನೇ ನೋಡುತ್ತ ನಿಂತ. ಆಮೇಲೆ ಕುಂಚ ಕೆಳಗಿಟ್ಟು ರಸ್ತೆಗೆ ಹೋದ. ಕಾರಿನವನ ಜೊತೆ ಏನೋ ಮಾತಾಡಿದ. ಕಾರು ತಿರುಗಿಕೊಂಡು ಹೊರಟುಹೋಯಿತು. ಅದು ಕಣ್ಮರೆಯಾದ ಮೇಲೂ ಅವನು ಅಲ್ಲೇ ನಿಂತಿದ್ದ. ಒಳಗೆ ಬಂದಾಗ ಕಣ್ಣು ಕೆಂಪಾಗಿತ್ತು.

“ಕಳಿಸಿಬಿಟ್ಟೆ,” ಎಂದ.

ಉಸ್ತಾದರು ಒರೆಸುವ ಬಟ್ಟೆ ಕೊಟ್ಟರು. ತಿಪ್ಪೇಶ ಗೆರೆ ಒರೆಸಿದ. ತಗಡು ಮೊದಲಿನಂತಾಯಿತು.

“ಮತ್ತೆ ಮೊದಲಿನಿಂದ ಕಲೀತೀನಿ. ಆದ್ರೆ ಒಂದು ಕೇಳ್ತೀನಿ, ತಪ್ಪು ತಿಳೀಬೇಡಿ. ನಿಮ್ಮ ಗೆರೆಯಲ್ಲಿ ಆ ನಡುಕ ಬಂದ ದಿನ ನಿಮಗೆ ಏನಾಗಿತ್ತು? ಅದು ಯಾವ ನೋವು? ಅಷ್ಟು ಗೊತ್ತಾದರೆ ನನ್ನ ಕೈಯಿಂದ ಅದನ್ನ ಇಳಿಸಿಬಿಡ್ತೀನಿ.”

“ನೋವಾ?” ಎಂದರು ಉಸ್ತಾದರು. “ಅವತ್ತು ನನ್ನ ಗೆರೆ ಮುಗಿಯೋದರೊಳಗೆ ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿಬಿಟ್ಟ. ಒರೆಸೋಣ ಅಂದ್ರೆ, ಹೊರಟೇ ಹೋದ.”